ಬಾವಿಕಟ್ಟೆಯ ಬದಿಯ ಹಳೆಯ ಅಬ್ಬಲಿಗೆ ಸಾಯುತ್ತಿದೆ, ಉಳಿಸುವ ದಾರಿ ಇದೆಯೇ?

ಬಾವಿಕಟ್ಟೆ, ಪರ್ಕಳ | ಜುಲೈ 5

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಲ್ಲಿಗೆ, ಗುಲಾಬಿ, ಆರ್ಕಿಡ್ ಎಂದು ನಡೆಯುವ ಮಾತುಕತೆಯನ್ನು ಓದುತ್ತಲೇ ಇರುತ್ತೇನೆ. ಬರೆಯುವುದು ಇದೇ ಮೊದಲು. ನನ್ನ ಪ್ರಶ್ನೆ ಬಡಪಾಯಿ ಹೂವಿನದು, ಅಬ್ಬಲಿಗೆಯದು. ಘಟ್ಟದ ಮೇಲಿನವರು ಕನಕಾಂಬರ ಎನ್ನುವುದು ಇದನ್ನೇ.

ನಮ್ಮ ಮನೆಯ ಬಾವಿಕಟ್ಟೆಯಿಂದ ಬಚ್ಚಲಿನವರೆಗೆ ಒಂದು ಸಾಲು ಅಬ್ಬಲಿಗೆ ಇತ್ತು. ಅಮ್ಮ ಮದುವೆಯಾಗಿ ಬಂದ ವರ್ಷ ತವರಿನಿಂದ ಗೆಲ್ಲು ತಂದು ನೆಟ್ಟದ್ದು. ಅಮ್ಮನಿಗೆ ಈಗ 78. ಗಿಡಕ್ಕೆ ಐವತ್ತು ದಾಟಿದೆ ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಒಂಬತ್ತು ಬುಡಗಳಿದ್ದವು. ಈ ಸಲ ಮಳೆ ಹಿಡಿದ ಮೇಲೆ ಒಂದೊಂದಾಗಿ ಬಾಡಿ, ಈಗ ಎರಡು ಉಳಿದಿವೆ. ಮಣ್ಣು ಒದ್ದೆಯಾಗಿರುವಾಗಲೇ ಎಲೆಗಳು ನೀರು ಕಾಣದ ಹಾಗೆ ಜೋಲುತ್ತವೆ. ನಾಲ್ಕು ದಿನದಲ್ಲಿ ಬುಡ ಕಪ್ಪಾಗುತ್ತದೆ. ಎಳೆದರೆ ಮೂಲಂಗಿಯಷ್ಟು ಸಲೀಸಾಗಿ ಕೈಗೆ ಬರುತ್ತದೆ.

ನರ್ಸರಿಯಲ್ಲಿ ಕೇಳಿದರೆ, "ಹಳೆಯದನ್ನು ಯಾಕೆ ಕಟ್ಟಿಕೊಂಡಿದ್ದೀರಿ, ಡೆಲ್ಲಿ ಅಬ್ಬಲಿಗೆ ತೆಗೆದುಕೊಂಡು ಹೋಗಿ" ಎಂದರು. ಎರಡು ತಂದೆ. ಹೂ ದೊಡ್ಡದು, ನೋಡಲು ಚಂದವೇ. ಅಮ್ಮ ಒಂದು ಹೂ ಕೊಯ್ದು, ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, "ಇದು ಅಬ್ಬಲಿಗೆಯಲ್ಲ, ಅಬ್ಬಲಿಗೆಯ ಅತ್ತೆ" ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಉಳಿದ ಎರಡನ್ನಾದರೂ ಉಳಿಸಿಕೊಳ್ಳಬೇಕು. ಏನು ಹಾಕಲಿ?

ಮಲ್ಲಿಗೆ ಚಪ್ಪರ, ಶಂಕರಪುರ | ಜುಲೈ 5

ಏನೂ ಹಾಕಬೇಡಿ ಮಾರಾಯರೇ. ಗೊಬ್ಬರ, ಹಿಂಡಿ ನೀರು, ಮಜ್ಜಿಗೆ ಯಾವುದೂ ಬೇಡ. ಬೇರು ಕೊಳೆಯುತ್ತಿರುವಾಗ ಗೊಬ್ಬರ ಹಾಕುವುದೆಂದರೆ ಜ್ವರ ಬಂದವನಿಗೆ ಕೋರಿರೊಟ್ಟಿ ಬಡಿಸಿದ ಹಾಗೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಆ ಎರಡು ಗಿಡಗಳಿಂದ ಗೆಲ್ಲು ತೆಗೆಯಿರಿ. ನಾಳೆ ಅವು ಇರುತ್ತವೆ ಎಂದು ನಂಬಬೇಡಿ. ತೀರಾ ಎಳೆಯ ತುದಿಯೂ ಬೇಡ, ಕಟ್ಟಿಗೆಯಾದ ಬುಡವೂ ಬೇಡ, ನಡುವಿನದು ಬೇಕು. ಒಂದು ತುಂಡಿನಲ್ಲಿ ಮೂರು ನಾಲ್ಕು ಗೆಣ್ಣು ಇರಲಿ. ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕೊಯ್ಯಿರಿ. ಹೂವಿನ ತೆನೆ ಇದ್ದರೆ ಮನಸ್ಸು ಗಟ್ಟಿ ಮಾಡಿ ಚಿವುಟಿ. ಹೂ ಇಟ್ಟುಕೊಂಡ ಗೆಲ್ಲು ಬೇರಿನ ಕಡೆಗೆ ಗಮನ ಕೊಡುವುದಿಲ್ಲ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆದು, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗಬೇಕು.

ನಾಟಿಗೆ ಅರ್ಧ ಹೊಯಿಗೆ, ಅರ್ಧ ಸುಡುಮಣ್ಣು. ಹೊಳೆಯ ಹೊಯಿಗೆಯೇ ಆಗಬೇಕು, ಕಡಲಿನದು ಉಪ್ಪು. ಹಟ್ಟಿಗೊಬ್ಬರ ಸೇರಿಸಬೇಡಿ. ಹಾಲಿನ ತೊಟ್ಟೆ ಸಾಕು, ತಳಕ್ಕೆ ನಾಲ್ಕು ತೂತು. ಸೂರಿನ ಅಡಿಯಲ್ಲಿ, ಎರಚಲು ತಾಗದ, ಬೆಳಕು ಬೀಳುವ ಜಾಗದಲ್ಲಿ ಇಡಿ. ಮೂರು ನಾಲ್ಕು ವಾರ ಬೇಕು. ಬೇರು ಬಂತೋ ಎಂದು ಎಳೆದು ನೋಡುವವರ ಗಿಡ ಬದುಕುವುದಿಲ್ಲ. ಇದು ಅನುಭವದ ಮಾತು, ಎಳೆದವಳು ನಾನೇ.

ಏಳನೇ ಮಹಡಿ, ಮಣಿಪಾಲ | ಜುಲೈ 6

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಾಲ್ಕನಿಯ ಕುಂಡದಲ್ಲಿ ಅಬ್ಬಲಿಗೆ ಬರುತ್ತದೆಯೇ? ಬೆಳಿಗ್ಗೆ ಮೂರು ಗಂಟೆ ಬಿಸಿಲು, ಆಮೇಲೆ ನೆರಳು. ಜೊತೆಗೆ ಪಾರಿವಾಳಗಳು.

ಮಲ್ಲಿಗೆ ಚಪ್ಪರ, ಶಂಕರಪುರ | ಜುಲೈ 6

ಧಾರಾಳವಾಗಿ ಬರುತ್ತದೆ. ಮಲ್ಲಿಗೆಗೆ ಇಡೀ ದಿನದ ಬಿಸಿಲು ಬೇಕು, ಅಬ್ಬಲಿಗೆಗೆ ಬೇಡ. ತೆಂಗಿನ ಮರದ ಅಡಿಯ ಚುಕ್ಕಿ ನೆರಳಿನಲ್ಲಿಯೂ ಹೂ ಬಿಡುತ್ತದೆ, ನೆರಳಿನಲ್ಲಿ ಬಣ್ಣ ಇನ್ನಷ್ಟು ಗಾಢ. ಪಾರಿವಾಳಕ್ಕೆ ನನ್ನ ಬಳಿ ಮದ್ದಿಲ್ಲ.

ಹಳೆಯ ಫೈಲು, ಕಟಪಾಡಿ | ಜುಲೈ 6

ತೋಟಗಾರಿಕೆಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ಮನೆಯಲ್ಲಿ ಕುಳಿತವನು. ಅಕ್ಕ ಹೇಳಿದ್ದು ಸರಿ. ಆದರೆ ರೋಗ ಯಾವುದೆಂದು ತಿಳಿಯದೆ ಹೊಸ ಗಿಡವನ್ನು ಅದೇ ಜಾಗದಲ್ಲಿ ನೆಟ್ಟರೆ ಮುಂದಿನ ವರ್ಷ ಇದೇ ಪತ್ರ ಮತ್ತೆ ಬರೆಯಬೇಕಾಗುತ್ತದೆ.

ಸತ್ತ ಗಿಡದ ಬೇರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ನೋಡಿ. ರಾಗಿ ಕಾಳಿನಂಥ ಗಂಟುಗಳಿದ್ದರೆ ಅದು ಜಂತುಹುಳದ ಕೆಲಸ. ಅಬ್ಬಲಿಗೆಗೆ ಜಂತುಹುಳದ ಕಾಟ ಬಹಳ. ಬೇರನ್ನು ಅವು ಕೊರೆದ ಗಾಯದಿಂದಲೇ ಫ್ಯುಸೇರಿಯಂ ಎಂಬ ಶಿಲೀಂಧ್ರ ಒಳಗೆ ನುಗ್ಗಿ ಸೊರಗು ರೋಗ ತರುತ್ತದೆ. ಗಂಟು ಇಲ್ಲದೆ ಬೇರಿನ ಸಿಪ್ಪೆ ಮಾತ್ರ ಕೊಳೆತಿದ್ದರೆ ನೀರು ನಿಂತದ್ದೇ ಮೂಲ ಕಾರಣ. ಜಂತುಹುಳವಾದರೆ ಬೇವಿನ ಹಿಂಡಿ, ಸಾಲಿನ ನಡುವೆ ಗೊಂಡೆ ಹೂವಿನ ಗಿಡ. ಗೊಂಡೆಯ ಬೇರು ಅವುಗಳಿಗೆ ಆಗಿಬರುವುದಿಲ್ಲ.

ಡೆಲ್ಲಿ ಅಬ್ಬಲಿಗೆಯ ಬಗ್ಗೆ ಎರಡು ಮಾತು. ಅದರಲ್ಲಿ ವರ್ಣತಂತುಗಳ ಮೂರು ಸೆಟ್ ಇರುತ್ತದೆ. ಮೂರನ್ನು ಎರಡು ಪಾಲು ಮಾಡಲು ಬರುವುದಿಲ್ಲವಲ್ಲ, ಹಾಗಾಗಿ ಬೀಜ ಕಟ್ಟುವುದಿಲ್ಲ. ನಾವು ತಿನ್ನುವ ನೇಂದ್ರ ಬಾಳೆಯ ಕಥೆಯೂ ಇದೇ. ಗೆಲ್ಲಿನಿಂದ ಮಾತ್ರ ಅದರ ವಂಶ ಬೆಳೆಯುವುದು. ನಿಮ್ಮ ಅಮ್ಮನ ಗಿಡದಲ್ಲಿ ಕಾಯಿ ಕಟ್ಟುತ್ತಿತ್ತೇ, ನೆನಪಿದೆಯೇ? ಕಟ್ಟುತ್ತಿದ್ದರೆ ಅದು ಬೀಜದ ಹಳೆಯ ತಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಅಂಬರ, ಅರ್ಕಾ ಕನಕ ಎಂದು ಹೊಸ ತಳಿಗಳನ್ನೂ ಬಿಟ್ಟಿದ್ದಾರೆ, ಅವೂ ಚೆನ್ನಾಗಿವೆ. ಆದರೆ ನಿಮಗೆ ಬೇಕಾದದ್ದು ಅದಲ್ಲ ಎಂದು ಗೊತ್ತು.

ಬಾವಿಕಟ್ಟೆ, ಪರ್ಕಳ | ಜುಲೈ 7

ಮೊದಲು ಅಕ್ಕನ ಮಾತು ನಡೆಸಿದೆ. ಹನ್ನೆರಡು ತುಂಡು ಸಿಕ್ಕಿತು, ಹನ್ನೆರಡು ತೊಟ್ಟೆ ಜಗಲಿಯ ಅಂಚಿನಲ್ಲಿ ಕುಳಿತಿವೆ.

ಆಮೇಲೆ ಸರ್ ಹೇಳಿದಂತೆ ಸತ್ತ ಗಿಡದ ಬೇರು ತೊಳೆದೆ. ಗಂಟು ಒಂದೂ ಇಲ್ಲ. ಬೇರು ನೋಡಲು ಇಡಿಯಾಗಿಯೇ ಇತ್ತು. ಎರಡು ಬೆರಳಿನ ನಡುವೆ ಹಿಡಿದು ಜಾರಿಸಿದರೆ ಕಂದು ಸಿಪ್ಪೆ ನೆನೆಸಿದ ನೆಲಗಡಲೆಯ ಸಿಪ್ಪೆಯ ಹಾಗೆ ಕಳಚಿ ಬಂತು. ಒಳಗೆ ಉಳಿದದ್ದು ದಾರದಂಥ ಒಂದು ಬಿಳಿ ನಾರು. ಮೂಸಿದರೆ ಹಳೆಯ ಸೌತೆಕಾಯಿಯ ವಾಸನೆ.

ಇನ್ನು ತಪ್ಪೊಪ್ಪಿಗೆ. ಕಳೆದ ಚಳಿಗಾಲದಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆ. ಕೆಸರಿನಲ್ಲಿ ಅಮ್ಮ ಜಾರಿ ಬೀಳಬಾರದೆಂದು. ಕೆಲಸದವರು ಇಳಿಜಾರನ್ನು ಬಾವಿಯ ಬದಿಗೆ ಕೊಟ್ಟರು, ನಾನೂ ನೋಡಿಕೊಂಡು ನಿಂತಿದ್ದೆ. ಈಗ ಮಾಡಿನ ನೀರು, ಅಂಗಳದ ನೀರು ಎಲ್ಲವೂ ಬಂದು ಅಬ್ಬಲಿಗೆಯ ಸಾಲಿನಲ್ಲಿ ಕೂರುತ್ತದೆ. ಅದಲ್ಲದೆ ಮೇ ತಿಂಗಳಿನಲ್ಲಿ, ಗೋಡೆಗೆ ಬಳಿದು ಉಳಿದ ಸುಣ್ಣವನ್ನು "ನಮ್ಮದು ಹುಳಿ ಮಣ್ಣು, ಸುಣ್ಣ ಒಳ್ಳೆಯದು" ಎಂದು ಎಲ್ಲೋ ಓದಿದ್ದು ನೆನಪಾಗಿ ಬುಡಕ್ಕೆ ಸುರಿದಿದ್ದೆ. ಅರ್ಧ ಬಕೆಟ್. ಉಳಿದ ಎರಡು ಗಿಡಗಳ ಎಳೆ ಎಲೆ ಹಳದಿಯಾಗಿದೆ, ನರ ಮಾತ್ರ ಹಸಿರು.

ಹಳೆಯ ಫೈಲು, ಕಟಪಾಡಿ | ಜುಲೈ 7

ಅರ್ಧ ಬಕೆಟ್! ಮುರಕಲ್ಲಿನ ಮಣ್ಣು ಹುಳಿ ಎಂಬುದು ನಿಜ, ಆದರೆ ಬುಡಕ್ಕೆ ಒಂದು ಹಿಡಿ ಪುಡಿ ಸುಣ್ಣ ಹೆಚ್ಚೆಂದರೆ ಹೆಚ್ಚು. ನರ ಹಸಿರಾಗಿದ್ದು ನಡುವಿನ ಭಾಗ ಹಳದಿ, ಅದೂ ಎಳೆ ಎಲೆಯಲ್ಲಿ ಎಂದರೆ ಕಬ್ಬಿಣದ ಕೊರತೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನು ಬರಗಾಲ? ಸುಣ್ಣ ಹೆಚ್ಚಾದರೆ ಅದು ಬೇರಿಗೆ ದಕ್ಕುವುದಿಲ್ಲ, ಅಷ್ಟೇ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಎಂದರೆ ಕಬ್ಬಿಣದ ಸಲ್ಫೇಟ್, ಕರಗಿಸಿ, ಮಳೆ ಬಿಟ್ಟ ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ. ಎರಡು ವಾರ ಬಿಟ್ಟು ಇನ್ನೊಮ್ಮೆ.

ಕನಕಾಂಬರ, ಘಟ್ಟದ ಮೇಲೆ | ಜುಲೈ 8

ಒಂದು ಹೂವಿನ ಗಿಡಕ್ಕೆ ಇಷ್ಟೊಂದು ಶುಶ್ರೂಷೆಯೇ? ನಮ್ಮ ಕಡೆ ಕನಕಾಂಬರವನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. ಬುಡಕ್ಕೆ ತಾಮ್ರದ ಮದ್ದು ಸುರಿದರೆ ಕೊಳೆ ನಿಲ್ಲುತ್ತದೆ. ನಿಮ್ಮಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೊ ದ್ರಾವಣ ಇದ್ದೇ ಇರುತ್ತದಲ್ಲ, ಅದನ್ನೇ ಹಾಕಿ.

ಮಲ್ಲಿಗೆ ಚಪ್ಪರ, ಶಂಕರಪುರ | ಜುಲೈ 8

ಅಣ್ಣ, ನಿಮ್ಮಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮಲ್ಲಿ ಒಂದೇ ತಿಂಗಳಿನಲ್ಲಿ ಬೀಳುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಮದ್ದು ಸುರಿದು ಮನೆಯ ಒಳಗೆ ಬರುವಷ್ಟರಲ್ಲಿ ಅದು ಸ್ವರ್ಣಾ ನದಿ ಸೇರಿರುತ್ತದೆ. ನೀರು ಹೋಗುವ ದಾರಿ ಮಾಡದೆ ಮದ್ದು ಹೊಯ್ದು ಏನು ಪ್ರಯೋಜನ?

ಹಳೆಯ ಫೈಲು, ಕಟಪಾಡಿ | ಜುಲೈ 8

ಘಟ್ಟದ ಮೇಲಿನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಪ್ರತಿಶತ 1ರ ಬೋರ್ಡೊ, ಎಂದರೆ ಲೀಟರಿಗೆ 10 ಗ್ರಾಂ ಮೈಲುತುತ್ತು ಮತ್ತು 10 ಗ್ರಾಂ ಸುಣ್ಣ, ಹೊಸ ಜಾಗದ ಮಣ್ಣಿಗೆ ನಾಟಿಗೆ ಮೊದಲು ಹಾಕಬಹುದು. ಆದರೆ ಈ ಮನುಷ್ಯರ ಮಣ್ಣಿನಲ್ಲಿ ಸುಣ್ಣ ಈಗಾಗಲೇ ಗಂಟಲವರೆಗೆ ಬಂದಿದೆ. ಇವರಿಗೆ ಟ್ರೈಕೊಡರ್ಮವೇ ಮೇಲು. ಹಳೆಯ ಹಟ್ಟಿಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿ ಮುಚ್ಚಿ ಎರಡು ವಾರ ನೆರಳಿನಲ್ಲಿ ಇಟ್ಟು, ನಾಟಿ ಮಾಡುವಾಗ ಹಾಕುವುದು. ಒಂದೇ ಎಚ್ಚರಿಕೆ, ಎರಡನ್ನೂ ಒಟ್ಟಿಗೆ ಮಾಡಬೇಡಿ. ಟ್ರೈಕೊಡರ್ಮವೂ ಶಿಲೀಂಧ್ರವೇ. ತಾಮ್ರಕ್ಕೆ ಒಳ್ಳೆಯವನು ಕೆಟ್ಟವನು ಎಂಬ ಭೇದ ಗೊತ್ತಿಲ್ಲ. ಸಂಶಯವಿದ್ದರೆ ಬೇರು, ಮಣ್ಣು ಎರಡನ್ನೂ ಕಟ್ಟಿಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.

ಜಾಗವನ್ನು ಎತ್ತರಿಸಲೇಬೇಕು. ಒಂದು ಸಾಲು ಕೆಂಪುಕಲ್ಲು ಕಟ್ಟಿ, ತಳಕ್ಕೆ ಕಲ್ಲಿನ ಚೂರು, ಮೇಲೆ ಮಣ್ಣು. ತೆಂಗಿನ ಸಿಪ್ಪೆಯನ್ನು ತಳಕ್ಕೆ ಹಾಕುವವರಿದ್ದಾರೆ. ಅದು ಬೇಸಗೆಯ ಉಪಾಯ, ನೀರು ಹಿಡಿದಿಡುತ್ತದೆ. ಕೊಳೆಯುವ ಜಾಗಕ್ಕೆ ಬೇಡ.

ಅಬೋಲಿ, ಕುಲಶೇಖರ | ಜುಲೈ 10

ನಾವು ಕೊಂಕಣಿಯವರು. ನಮ್ಮಲ್ಲಿ ಇದಕ್ಕೆ ಅಬೋಲಿ ಎನ್ನುತ್ತಾರೆ. ಪರಿಮಳವಿಲ್ಲ, ಆದ್ದರಿಂದ ಮಾತನಾಡದ ಹೂ ಎಂದು ನನ್ನ ಅಜ್ಜಿ ಅರ್ಥ ಹೇಳುತ್ತಿದ್ದರು. ಭಾಷೆ ಓದಿದವರು ಒಪ್ಪುತ್ತಾರೋ ಇಲ್ಲವೋ, ನನಗೆ ಈ ಅರ್ಥವೇ ಸಾಕು. ಅಮ್ಮನ ಮದುವೆಯ ಕಪ್ಪುಬಿಳುಪು ಫೋಟೋದಲ್ಲಿ ಜಡೆಯ ಮಲ್ಲಿಗೆಯ ನಡುನಡುವೆ ಕಪ್ಪು ಚುಕ್ಕೆಗಳ ಸಾಲು ಇದೆ. ಅದು ಏನು ಎಂದು ಕೇಳಿದ್ದಕ್ಕೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಈ ಹೂ ತೋರಿಸಿದ್ದರು.

ನಾನು ಬರೆಯಬೇಕೆಂದುಕೊಂಡದ್ದು ಬೀಜದ ವಿಷಯ. ಹಳೆಯ ಅಬೋಲಿಯ ತೆನೆ ಒಣಗಿದ ಮೇಲೆ ಕಿತ್ತು ಬಿಸಾಡಬೇಡಿ. ಒಳಗೆ ಕಂದು ಬಣ್ಣದ ಪುಟ್ಟ ಕಾಯಿಗಳಿರುತ್ತವೆ, ಒಂದೊಂದರಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟೆಂದು ಸಿಡಿಯುತ್ತದೆ. ಬೀಜ ಎಲ್ಲಿಗೆ ಹಾರಿತೆಂದು ಹುಡುಕಿ ಪ್ರಯೋಜನವಿಲ್ಲ. ನಾನು ಸ್ಟೀಲಿನ ಬೋಗುಣಿಯಲ್ಲಿ ಕಾಯಿ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ, ತಕ್ಷಣ ಜರಡಿ ಮುಚ್ಚುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಸದ್ದು. ನೆನೆದ ಬೀಜದ ಮೇಲೆ ಕಾಮಕಸ್ತೂರಿಯ ಬೀಜಕ್ಕೆ ಬರುವಂಥ ಲೋಳೆ ಬರುತ್ತದೆ, ಹೆದರಬೇಡಿ. ಬೇಗ ಬಿತ್ತಿ, ಹಳೆಯ ಬೀಜ ಹುಟ್ಟುವುದು ಕಷ್ಟ.

ಏಳನೇ ಮಹಡಿ, ಮಣಿಪಾಲ | ಜುಲೈ 10

ಅಕ್ಕ, ಆ ಬೀಜ ಸ್ವಲ್ಪ ನನಗೆ ಸಿಗಬಹುದೇ?

ಅಬೋಲಿ, ಕುಲಶೇಖರ | ಜುಲೈ 10

ಈಗ ಇಲ್ಲ. ಮಳೆ ಮುಗಿದ ಮೇಲಿನ ಹೂವಿನಿಂದ ಬರುವುದು. ಡಿಸೆಂಬರಿನಲ್ಲಿ ನೆನಪಿಸಿ.

ಬಾವಿಕಟ್ಟೆ, ಪರ್ಕಳ | ಜುಲೈ 13

ನಿಮ್ಮೆಲ್ಲರ ಮಾತನ್ನೂ ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. "ಐವತ್ತು ವರ್ಷದ ಗಿಡ" ಎಂಬಲ್ಲಿಗೆ ಬಂದಾಗ ಅಮ್ಮ ಗಂಜಿಯ ತಟ್ಟೆ ಕೆಳಗಿಟ್ಟು ನಗತೊಡಗಿದರು.

"ಐವತ್ತು ವರ್ಷ ಬದುಕಲು ಅದೇನು ಹಲಸಿನ ಮರವೇ? ಮೂರು ನಾಲ್ಕು ವರ್ಷಕ್ಕೆ ಅದರ ಹೂ ಸಣ್ಣದಾಗುತ್ತದೆ. ಪ್ರತಿ ಆಟಿ ತಿಂಗಳು, ಈ ಜೋರು ಮಳೆಯ ಹೊತ್ತಿಗೆ, ನಾನು ಗೆಲ್ಲು ಮುರಿದು ಹಟ್ಟಿಯ ಹಿಂದಿನ ಗೋಡೆಯ ಬದಿಗೆ ಊರುತ್ತಿದ್ದೆ. ಚಿಗುರಿದ್ದನ್ನು ಮುಂದಿನ ಸೋಣ ತಿಂಗಳು ಕಳೆದ ಮೇಲೆ ಸಾಲಿಗೆ ತರುತ್ತಿದ್ದೆ, ಹಳೆಯದನ್ನು ಕಿತ್ತು ಗೊಬ್ಬರದ ಗುಂಡಿಗೆ. ನೀನು ನೋಡಿಲ್ಲವೇ?"

ನಾನು ನೋಡಿಲ್ಲ. ಈ ಮನೆಯಲ್ಲೇ ಹುಟ್ಟಿ ಬೆಳೆದವನು. ಆ ಸಾಲಿನ ಬದಿಯಲ್ಲಿ ನಿಂತು ದಿನಾ ಹಲ್ಲುಜ್ಜಿದವನು. ಸಾಲು ಯಾವಾಗಲೂ ಹಾಗೆಯೇ ಇತ್ತು, ಆದ್ದರಿಂದ ಗಿಡಗಳೂ ಅವೇ ಎಂದುಕೊಂಡಿದ್ದೆ.

ಹಟ್ಟಿ ತೆಗೆದು ಏಳು ವರ್ಷವಾಯಿತು. ಅದೇ ಹೊತ್ತಿಗೆ ಅಮ್ಮನಿಗೆ ಮಂಡಿನೋವು ಶುರು. "ಆಮೇಲೆ ಎರಡು ವರ್ಷ ಹೇಗೋ ಮಾಡಿದೆ. ಬಗ್ಗಲು ಆಗುವುದಿಲ್ಲ, ನಿನಗೆ ಹೇಳಿದರೆ ಬೆಂಗಳೂರಿನಲ್ಲಿ ಇದ್ದೆ" ಎಂದರು. ಲೆಕ್ಕ ಹಾಕಿದರೆ ಸತ್ತ ಗಿಡಗಳಿಗೆ ಐದು ವರ್ಷ.

ಮಲ್ಲಿಗೆ ಚಪ್ಪರ, ಶಂಕರಪುರ | ಜುಲೈ 13

ನಿಮ್ಮ ಅಮ್ಮನನ್ನು ಈ ವೇದಿಕೆಗೆ ಸೇರಿಸಿ, ನಾವೆಲ್ಲ ಹಿಂದಿನ ಬೆಂಚಿಗೆ ಹೋಗುತ್ತೇವೆ. ಆಟಿಯಲ್ಲಿ ಗೆಲ್ಲು ಊರುವುದು ನನ್ನ ಅತ್ತೆಯ ಕ್ರಮವೂ ಹೌದು. ಗಾಳಿಯಲ್ಲಿಯೇ ನೀರಿರುತ್ತದೆ, ಎಲೆ ಒಣಗುವುದಿಲ್ಲ. ಹಟ್ಟಿಯ ಹಿಂದಿನ ಗೋಡೆಗೆ ಮಾಡು ಚಾಚಿರುತ್ತಿತ್ತು, ಎರಚಲು ತಾಗುತ್ತಿರಲಿಲ್ಲ. ಸೂರಿನ ಅಡಿಯಲ್ಲಿ ಇಡಿ ಎಂದು ನಾನು ಹೇಳಿದ್ದೂ ಅದನ್ನೇ.

ದೋಹಾದಿಂದ ಕಾರ್ಕಳ | ಜುಲೈ 14

ಇದನ್ನು ಓದಿ ಊರಿನ ಭೂತಕೋಲದ ರಾತ್ರಿಗಳು ನೆನಪಾದವು. ಪಿಂಗಾರ, ಕೇಪಳ, ಅಬ್ಬಲಿಗೆ, ಆ ಬಣ್ಣ, ಆ ದೀವಟಿಗೆ...

ಮಲ್ಲಿಗೆ ಚಪ್ಪರ, ಶಂಕರಪುರ | ಜುಲೈ 14

ನೆನಪಾಗಲಿ ತಮ್ಮ. ರಜೆಗೆ ಬಂದಾಗ ಅಮ್ಮನಿಗೆ ನಾಲ್ಕು ಗಿಡ ನೆಟ್ಟುಕೊಟ್ಟು ಹೋಗಿ.

ಬಾವಿಕಟ್ಟೆ, ಪರ್ಕಳ | ಆಗಸ್ಟ್ 9

ವರದಿ. ಹನ್ನೆರಡರಲ್ಲಿ ನಾಲ್ಕು ಕಪ್ಪಾಗಿ ಹೋದವು. ಎಂಟರಲ್ಲಿ ಚಿಗುರು ಕಂಡು ಖುಷಿಯಲ್ಲಿದ್ದೆ. ನಿನ್ನೆ ಬೆಳಿಗ್ಗೆ ನೋಡಿದರೆ ಎರಡಕ್ಕೆ ಚಿಗುರೂ ಇಲ್ಲ, ಎಲೆಯೂ ಇಲ್ಲ, ಬರೀ ಕಡ್ಡಿ. ತೊಟ್ಟೆಯ ಮೇಲೆ ಒಣಗಿದ ಬೆಳ್ಳಿಗೆರೆ. ಬಸವನಹುಳು. ನನ್ನ ಮುಷ್ಟಿಯಷ್ಟು ದೊಡ್ಡದು, ಜಗಲಿಯ ಗೋಡೆಗೆ ಅಂಟಿಕೊಂಡು ನಿದ್ದೆ ಮಾಡುತ್ತಿತ್ತು. ಮೂಲದ ಎರಡು ಗಿಡಗಳಲ್ಲಿ ಒಂದು ಹೋಯಿತು. ಇನ್ನೊಂದರ ಎಲೆ ಅನ್ನಭೇದಿಯ ನಂತರ ಹಸಿರಾಗುತ್ತಿದೆ.

ಬೂದಿ ಸುರಿದೆ. ಒಂದು ಮಳೆಗೆ ಹೋಯಿತು.

ಹಳೆಯ ಫೈಲು, ಕಟಪಾಡಿ | ಆಗಸ್ಟ್ 9

ಅದು ಆಫ್ರಿಕಾದ ದೈತ್ಯ ಬಸವನಹುಳು. ನಮ್ಮ ಊರಿನದಲ್ಲ, ಈಗ ನಮ್ಮನ್ನೇ ಊರು ಬಿಡಿಸುವ ಹಾಗಿದೆ. ಸಂಜೆ ಗೋಣಿಚೀಲ ಒದ್ದೆ ಮಾಡಿ, ಅಡಿಯಲ್ಲಿ ಪಪ್ಪಾಯಿ ಎಲೆ ಇಟ್ಟು ಅಂಗಳದ ಮೂಲೆಯಲ್ಲಿ ಹಾಸಿ. ಬೆಳಿಗ್ಗೆ ಎತ್ತಿದರೆ ಎಲ್ಲವೂ ಅಲ್ಲೇ ಸಭೆ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ತೊಟ್ಟೆ ಹಾಕಿಕೊಂಡು ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಗಿಡದ ಹತ್ತಿರ ಸುರಿಯಬೇಡಿ. ಸುಣ್ಣದ ಕಥೆ ಗೊತ್ತಿರುವುದರಿಂದ ಮೊದಲೇ ಹೇಳುತ್ತಿದ್ದೇನೆ.

ಬಾವಿಕಟ್ಟೆ, ಪರ್ಕಳ | ಆಗಸ್ಟ್ 12

ಮೂರು ರಾತ್ರಿಗೆ ನಲವತ್ತೊಂದು. ಅಮ್ಮ ಎಣಿಸಿದ್ದು.

ಮಲ್ಲಿಗೆ ಚಪ್ಪರ, ಶಂಕರಪುರ | ಸೆಪ್ಟೆಂಬರ್ 20

ಗಿಡಗಳು ಹೇಗಿವೆ? ಮಳೆ ಕಡಿಮೆಯಾಗುತ್ತಿದೆ, ನೆಲಕ್ಕೆ ಇಳಿಸುವ ಹೊತ್ತು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ಬುಡದ ಮಣ್ಣಿನ ಸಮೇತ ಇಳಿಸಿ, ತುದಿ ಚಿವುಟಿ. ಗೆಲ್ಲು ಹೆಚ್ಚಿದಷ್ಟೂ ತೆನೆ ಹೆಚ್ಚು. ಈಗ ಗೊಬ್ಬರ ಕೊಡಬಹುದು. ನಾನು ಮಲ್ಲಿಗೆಗೆ ಕೊಡುವ ನೆಲಗಡಲೆ ಹಿಂಡಿಯ ತಿಳಿಯನ್ನೇ ಇದಕ್ಕೂ ಹದಿನೈದು ದಿನಕ್ಕೊಮ್ಮೆ ಒಂದೊಂದು ಗೆರಟೆ ಹಾಕುತ್ತೇನೆ. ಮೀನು ತೊಳೆದ ನೀರೂ ಆಗುತ್ತದೆ, ಬೆಕ್ಕಿನ ಕಾಟ ತಡೆಯಬಲ್ಲಿರಾದರೆ.

ಬಾವಿಕಟ್ಟೆ, ಪರ್ಕಳ | ಸೆಪ್ಟೆಂಬರ್ 21

ಆರು ಗಿಡಗಳಿವೆ. ಇಂಟರ್‌ಲಾಕಿನ ಎರಡು ಸಾಲು ಕಿತ್ತು, ಕೆಂಪುಕಲ್ಲು ಕಟ್ಟಿ ಒಂದೂವರೆ ಅಡಿ ಏರಿಸಿದೆ. ಸುಣ್ಣದ ಮಣ್ಣು ತೆಗೆದು ತೆಂಗಿನ ಬುಡಕ್ಕೆ ಹಾಕಿದೆ. ಅಂಗಳದ ನೀರಿಗೆ ಪೈಪು ಹಾಕಿ ತೋಡಿಗೆ ಬಿಟ್ಟೆ. ಕಲ್ಲು ಎಷ್ಟು ಎತ್ತರ ಬೇಕೆಂದು ಅಮ್ಮನೇ ಕುರ್ಚಿಯಲ್ಲಿ ಕುಳಿತು ಹೇಳಿದರು. ಬಗ್ಗದೆ ಕೈಗೆಟಕಬೇಕಂತೆ.

ಡೆಲ್ಲಿಯ ಅತ್ತೆಯಂದಿರು ಗೇಟಿನ ಬಳಿ ಕುಂಡದಲ್ಲಿ ಇದ್ದಾರೆ. ಒಂದು ಎಲೆಯೂ ಉದುರಿಸಿಲ್ಲ ಎಂದು ಒಪ್ಪಿಕೊಳ್ಳಬೇಕು.

ಕನಕಾಂಬರ, ಘಟ್ಟದ ಮೇಲೆ | ಸೆಪ್ಟೆಂಬರ್ 22

ಅಂತೂ ತಾಮ್ರ ಹಾಕಲಿಲ್ಲ!

ಬಾವಿಕಟ್ಟೆ, ಪರ್ಕಳ | ಅಕ್ಟೋಬರ್ 14

ಒಂದು ಗಿಡದಲ್ಲಿ ಮೊದಲ ತೆನೆ. ಬೆರಳಿನಷ್ಟು ಉದ್ದ, ಹಸಿರು, ಗೋಧಿಯ ತೆನೆಯನ್ನು ನಾಲ್ಕು ಮೂಲೆಗೆ ಒತ್ತಿ ಚೌಕ ಮಾಡಿದ ಹಾಗಿದೆ. ಇವತ್ತು ಬುಡದ ಕಡೆಯಿಂದ ಎರಡು ಹೂ ಹೊರಗೆ ಬಂದಿವೆ. ನಾನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎಸಳುಗಳೆಲ್ಲ ಒಂದೇ ಬದಿಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ, ಇನ್ನೊಂದು ಬದಿ ಖಾಲಿ. ಯಾರೋ ಅರ್ಧ ಹೂ ಕತ್ತರಿಸಿ ಇಟ್ಟ ಹಾಗೆ. ಕೆಳಗೆ ಸೂಜಿಯಷ್ಟು ಸಪೂರ ನಾಳ. ಎಳೆದರೆ ಸದ್ದಿಲ್ಲದೆ ಜಾರಿ ಬರುತ್ತದೆ.

ಹಳೆಯ ಫೈಲು, ಕಟಪಾಡಿ | ಅಕ್ಟೋಬರ್ 14

ಆ ನಾಳದಿಂದಲೇ ಶಾಸ್ತ್ರದ ಹೆಸರು, ಕ್ರೊಸಾಂಡ್ರಾ ಇನ್ಫಂಡಿಬುಲಿಫಾರ್ಮಿಸ್. ಎರಡನೆಯ ಪದಕ್ಕೆ ಲಾಳಿಕೆಯ ಆಕಾರದ್ದು ಎಂದರ್ಥ. ನಮ್ಮ ಆಡುಸೋಗೆ, ಕಿರಾತಕಡ್ಡಿ ಎಲ್ಲ ಇದರದೇ ಕುಟುಂಬ. ದಕ್ಷಿಣ ಭಾರತ, ಶ್ರೀಲಂಕಾ ಇದರ ಸ್ವಂತ ನೆಲ. ಹೊರಗಿನಿಂದ ಬಂದದ್ದಲ್ಲ.

ಏಳನೇ ಮಹಡಿ, ಮಣಿಪಾಲ | ಅಕ್ಟೋಬರ್ 15

ದಿನಾ ಕೊಯ್ಯಬೇಕೇ?

ಮಲ್ಲಿಗೆ ಚಪ್ಪರ, ಶಂಕರಪುರ | ಅಕ್ಟೋಬರ್ 15

ಬೇಡ, ದಿನ ಬಿಟ್ಟು ದಿನ. ಇದೇ ನೋಡಿ ಅಬ್ಬಲಿಗೆಯ ಔದಾರ್ಯ. ನನ್ನ ಮಲ್ಲಿಗೆ ಒಂದು ಬೆಳಗನ್ನೂ ಕಾಯುವುದಿಲ್ಲ. ಸೂರ್ಯ ಮೇಲೆ ಬರುವ ಮೊದಲೇ ಮೊಗ್ಗು ಕೊಯ್ಯಬೇಕು, ಕಟ್ಟಬೇಕು, ಹೂ ಖರೀದಿಯ ಕಟ್ಟೆಗೆ ಮುಟ್ಟಿಸಬೇಕು. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಆ ದಿನದ ದರ ಏನೋ ಅದು. ನವರಾತ್ರಿಗೆ ಆಕಾಶ, ಮಳೆಗಾಲದಲ್ಲಿ ಪಾತಾಳ. ಅಬ್ಬಲಿಗೆಗೆ ಆ ಗಡಿಬಿಡಿಯೇ ಇಲ್ಲ. ಇವತ್ತು ಕೊಯ್ಯದಿದ್ದರೆ ನಾಳೆಯೂ ಗಿಡದಲ್ಲಿ ನಗುತ್ತಾ ಇರುತ್ತದೆ.

ಕಟ್ಟುವುದಕ್ಕೆ ಮಾತ್ರ ತಾಳ್ಮೆ ಬೇಕು. ಒಣಗಿದ ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿ ಸೀಳಿಕೊಳ್ಳಿ. ನೂಲು ಆ ಸಪೂರ ನಾಳವನ್ನು ಕತ್ತರಿಸಿಬಿಡುತ್ತದೆ. ಎರಡು ಹೂ ಈಚೆಗೆ, ಎರಡು ಹೂ ಆಚೆಗೆ, ನಾಳಗಳು ನಡುವೆ ಕೂಡಬೇಕು. ಡೆಲ್ಲಿಯ ಹೂ ದೊಡ್ಡದಾದ್ದರಿಂದ ಬೇಗ ಮೊಳ ತುಂಬುತ್ತದೆ, ಆದರೆ ಹಳೆಯದರ ಹಾಗೆ ಒತ್ತೊತ್ತಾಗಿ ಕೂರುವುದಿಲ್ಲ. ನಿಮ್ಮ ಅಮ್ಮ ಅತ್ತೆ ಎಂದದ್ದು ಅದಕ್ಕೇ ಇರಬೇಕು. ಜಾಗ ಜಾಸ್ತಿ ಬೇಕು.

ಅಬೋಲಿ, ಕುಲಶೇಖರ | ಡಿಸೆಂಬರ್ 6

ಮಣಿಪಾಲದವರೇ, ನೀವು ನೆನಪಿಸಲಿಲ್ಲ, ನಾನೇ ನೆನಪಿಸುತ್ತಿದ್ದೇನೆ. ಬೀಜ ಬಂದಿದೆ. ಲಕೋಟೆಯಲ್ಲಿ ಹಾಕಿದರೆ ಅಂಚೆಯಲ್ಲಿ ತೇವ ತಾಗಿ ಎಲ್ಲಿ ಸಿಡಿಯುತ್ತದೋ ಎಂದು ಕಾಯಿ ಬಿಡಿಸಿ ಬೀಜವನ್ನೇ ಇಟ್ಟಿದ್ದೇನೆ. ಹೆಚ್ಚು ಆಳ ಬೇಡ, ಮೇಲೆ ತೆಳ್ಳಗೆ ಹೊಯಿಗೆ ಉದುರಿಸಿ. ವಿಳಾಸವನ್ನು ಇಲ್ಲಿ ಬರೆಯಬೇಡಿ, ಖಾಸಗಿಯಾಗಿ ಕಳುಹಿಸಿ.

ಬಾವಿಕಟ್ಟೆ, ಪರ್ಕಳ | ಡಿಸೆಂಬರ್ 8

ನಾಳೆ ಷಷ್ಠಿಗೆಂದು ಅಮ್ಮ ಇವತ್ತು ಕುರ್ಚಿ ಹಾಕಿಕೊಂಡು ತಾವೇ ಹೂ ಕೊಯ್ದರು. ಆರು ಗಿಡ, ಜೊತೆಗೆ ಬದುಕುಳಿದ ಹಳೆಯ ಒಂದು. ಕಟ್ಟಿದ ಮೇಲೆ ಅಳೆದರೆ ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ನಾನು ನೋಡಿಯೂ ನೋಡದವನ ಹಾಗೆ ಪತ್ರಿಕೆ ಓದುತ್ತಿದ್ದೆ. ಅಮ್ಮ ಗೇಟಿನವರೆಗೆ ನಡೆದುಹೋಗಿ, ಅತ್ತೆಯ ಗಿಡದಿಂದ ಹಿಡಿ ಹೂ ತಂದು, ಕೊನೆಗೆ ಸೇರಿಸಿ ಗಂಟು ಹಾಕಿದರು.

ಹಳೆಯ ಗಿಡದ ತೆನೆಯೊಂದನ್ನು ಒಣಗಲು ಬಿಟ್ಟಿದ್ದೇನೆ. ಕುಲಶೇಖರದ ಅಕ್ಕ, ಜರಡಿಯ ತೂತು ಎಷ್ಟು ಸಣ್ಣದಿರಬೇಕು? ನಮ್ಮ ಮನೆಯಲ್ಲಿರುವುದು ಚಹಾ ಸೋಸುವುದು ಮತ್ತು ಅವಲಕ್ಕಿಯದು.

ಅಬೋಲಿ, ಕುಲಶೇಖರ | ಡಿಸೆಂಬರ್ 8

ಅವಲಕ್ಕಿಯದು. ಚಹಾದ್ದು ಬೋಗುಣಿಗೆ ಸಾಲುವುದಿಲ್ಲ.